ಅವರು ನರಳುವಾಗ ನನಗೆ ಅಜ್ಜಿ ಮನೆ ನೆನಪಾಗುತ್ತದೆ

ಗಂಡನನ್ನೋ ಹೆಂಡತಿಯನ್ನೋ ಕೊನೆಯ ದಿನಗಳಲ್ಲಿ ನೋಡಿಕೊಳ್ಳುತ್ತಿರುವವರು ತಲೆ ತಗ್ಗಿಸಿ, ತಪ್ಪೊಪ್ಪಿಕೊಳ್ಳುವವರಂತೆ ಹೇಳುವ ಮಾತೊಂದಿದೆ: "ಈಗ ಬರೀ ಚಿಕ್ಕಂದಿನದೇ ನೆನಪಾಗ್ತದೆ." ಇದು ಮತ್ತೆ ಮತ್ತೆ ಕಿವಿಗೆ ಬೀಳುತ್ತಿರುವುದರಿಂದ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದೆ.

ಆಕೆಗೆ ಐವತ್ತು ದಾಟಿದೆ, ಮಲೆನಾಡಿನವರು. ಪತಿಗೆ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್, ಲಿವರ್‌ಗೂ ಹರಡಿತ್ತು. ಕೀಮೋ ನಿಲ್ಲಿಸಿ ಮನೆಗೆ ಕರೆತಂದಿದ್ದರು. ನೋವಿಗೆ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ, ಅದರಿಂದಾಗುವ ಮಲಬದ್ಧತೆಗೆ ಇನ್ನೊಂದು ಔಷಧ. ಎಲ್ಲದರ ಹೊತ್ತನ್ನೂ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಬರೆದಿಡುತ್ತಿದ್ದರು. ಆರೈಕೆಯಲ್ಲಿ ಒಂದಿಷ್ಟೂ ಕೊರತೆ ಇರಲಿಲ್ಲ.

ನನ್ನ ಬಳಿ ಬಂದ ಮೂರನೆಯ ಭೇಟಿಯಲ್ಲಿ ಆಕೆ ಅತ್ತರು. "ಅವರು ಅಲ್ಲಿ ನರಳ್ತಿರ್ತಾರೆ, ನನಗೆ ಅಜ್ಜಿ ಮನೆ ಬಚ್ಚಲು ಕಣ್ಮುಂದೆ ಬರ್ತದೆ ಮೇಡಂ. ಹಂಡೆ ಒಲೆ ಎದುರು ಕೂರಿಸ್ಕೊಂಡು ಅಜ್ಜಿ ಪಾದಕ್ಕೆ ಎಣ್ಣೆ ತಿಕ್ಕೋರು. ಕೆಂಡದಲ್ಲಿ ಹಲಸಿನ ಬೀಜ ಸುಡೋ ವಾಸನೆ. ಆ ಹೊತ್ತಿಗೆ ಹಾಯೆನಿಸ್ತದೆ. ಹಾಯೆನಿಸಬಹುದಾ ಈಗ?"

"ನಿಮ್ಮವರಿಗೆ ಈ ಅಜ್ಜಿ ಗೊತ್ತಾ?"

ಸುಮ್ಮನಾದರು. ಮದುವೆಗೆ ಮೊದಲೇ ಅಜ್ಜಿ ತೀರಿಕೊಂಡಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಬಚ್ಚಲೊಲೆಯ ಮಾತೇ ಬಂದಿರಲಿಲ್ಲ. "ಇದನ್ನೆಲ್ಲ ಅವರ ಹತ್ರ ಏನಂತ ಹೇಳೋದು?"

ಹಾಗೇ ಹೇಳಿ, ಹೇಳುತ್ತ ಅವರ ಪಾದಕ್ಕೆ ಎಣ್ಣೆ ಹಚ್ಚಿ ಎಂದೆ.

ಇದು ವಾಸ್ತವದಿಂದ ಓಡಿಹೋಗುವುದಕ್ಕೆ ಕುಮ್ಮಕ್ಕು ಕೊಟ್ಟಂತಲ್ಲವೇ ಎಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಯಸ್ಸಾದವರು ಹಳೆಯದನ್ನು ಮೆಲುಕು ಹಾಕಿದರೆ ಅದು ಅರಳುಮರಳಲ್ಲ, ಸಾವು ಹತ್ತಿರವಾದಾಗ ಮನಸ್ಸು ಸಹಜವಾಗಿ ಮಾಡುವ ಕೆಲಸ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದರು. ಆರೈಕೆ ಮಾಡುವವರ ಮನಸ್ಸೂ ಅದನ್ನೇ ಮಾಡುವುದನ್ನು ಕಾಣುತ್ತೇವೆ. ತನ್ನನ್ನು ಯಾರೋ ಅಕ್ಕರೆಯಿಂದ ನೋಡಿಕೊಂಡ ಗಳಿಗೆಯನ್ನು ಅದು ಹುಡುಕುತ್ತದೆ, ಏಕೆಂದರೆ ಈಗ ಅಂಥದ್ದೇ ಅಕ್ಕರೆಯನ್ನು ಹಗಲಿರುಳು ಕೊಡಬೇಕಾಗಿದೆ. ನಿದ್ದೆ, ಊಟ, ಮಾತ್ರೆಯ ಹೊತ್ತು ಮರೆತುಹೋಗುವಷ್ಟು ನೆನಪು ಆವರಿಸಿದರೆ ಮಾತು ಬೇರೆ. ಆಗ ವೈದ್ಯರಿಗೆ ತಿಳಿಸಲೇಬೇಕು.

ಆಕೆಗೆ ಹೇಳಿಕೊಟ್ಟದ್ದು ಇಷ್ಟು. ಮಾತ್ರೆ ಕೊಟ್ಟು ಮುಕ್ಕಾಲು ಗಂಟೆಯಾಗಲಿ. ನೋವು ಹಿಡಿತದಲ್ಲಿಲ್ಲದಾಗ ಕಥೆ ಹೇಳಿದರೆ ಕಿರಿಕಿರಿಯೇ ಹೆಚ್ಚು. ಒಂದು ಚಮಚ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಮೊದಲು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಹಚ್ಚಿ ನೋಡಿ. ತಿಕ್ಕಬೇಡಿ, ಸವರಿ. ಒಂದೇ ಕಾಲು ಊದಿ ಬಿಸಿಯಾಗಿ ನೋಯುತ್ತಿದ್ದರೆ ಮುಟ್ಟಲೇಬೇಡಿ, ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಈ ಕ್ಯಾನ್ಸರ್‌ನಲ್ಲಿ ಅದು ಅಪರೂಪವಲ್ಲ. ಹತ್ತು ನಿಮಿಷ ಸಾಕು. ಬೀಳ್ಕೊಡುಗೆಯ ಮಾತು ಬೇಡ, ಫೋನಿನಲ್ಲಿ ರೆಕಾರ್ಡ್ ಮಾಡುವುದೂ ಬೇಡ. "ನೆನಪಿದೆಯಾ?" ಎಂದು ಕೇಳಬೇಡಿ, ದಣಿದವರಿಗೆ ಅದು ಪರೀಕ್ಷೆ. "ನಿಮ್ಮ ಚಿಕ್ಕಂದಿನದು ಹೇಳಿ" ಎಂಬ ಒತ್ತಾಯವೂ ಸಲ್ಲ. ಎಲ್ಲರ ಬಾಲ್ಯವೂ ಸಿಹಿಯಾಗಿರುವುದಿಲ್ಲ.

ಮರುವಾರ ಬಂದು ಹೇಳಿದರು. ಕಣ್ಣು ಮುಚ್ಚಿಕೊಂಡೇ ಕೇಳಿದ ಪತಿ, ಬಹಳ ಹೊತ್ತಿನ ಮೇಲೆ, "ಸುಟ್ಟ ಬೀಜದ ಸಿಪ್ಪೆ ಯಾರು ಸುಲೀತಿದ್ರು?" ಅಂದರಂತೆ. ಅಜ್ಜಿಯೇ, ಸೆರಗಿನಲ್ಲಿ ಬೂದಿ ಒರೆಸಿ. ಎರಡು ದಿನ ಬಿಟ್ಟು ಅವರೇ ಬಾಯಿಬಿಟ್ಟಿದ್ದರು: ಜ್ವರ ಬಂದಾಗ ಅಪ್ಪ ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ್ದು. ಆಕೆಯೂ ಅದನ್ನು ಮೊದಲ ಸಲ ಕೇಳಿದ್ದು.

ಕೊನೆಯ ದಿನಗಳಲ್ಲಿ ಅವರ ಮಾತು ನಿಂತಿತು. ನುಂಗಲಾರದವರಿಗೆ ನೀರು ಹಾಕಿದರೆ ಶ್ವಾಸನಾಳಕ್ಕೆ ಹೋಗುತ್ತದೆ, ಒದ್ದೆ ಬಟ್ಟೆಯಿಂದ ತುಟಿ ನೆನೆಸುತ್ತಿರಿ, ಮಾತು ಮಾತ್ರ ನಿಲ್ಲಿಸಬೇಡಿ ಎಂದಿದ್ದೆ. ಆಕೆ ನಿಲ್ಲಿಸಲಿಲ್ಲ. ಬಚ್ಚಲಿನಿಂದ ಹೊರಟ ಕಥೆ ಅಡಿಗೆಮನೆ ದಾಟಿ ಅಡಿಕೆ ಹರವಿದ ಅಂಗಳಕ್ಕೆ ಬಂದಿತ್ತಂತೆ.