ಆಟ ಕೆಡಿಸುವವನನ್ನು ಏನು ಮಾಡೋದು?

ಮಂಡ್ಯದ ಓದುಗರೊಬ್ಬರು ಬರೆದಿದ್ದಾರೆ: ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟದಲ್ಲಿ ಇವರದು ಒಂಬತ್ತು ಜನರ ಗಿಲ್ಡ್, ಅಂದರೆ ಜೊತೆಯಾಗಿ ಆಡುವ ತಂಡ. ರಾತ್ರಿ ಊಟ ಆದಮೇಲೆ ಎಲ್ಲರೂ ಸೇರುತ್ತಾರೆ. ಅಲ್ಲೊಬ್ಬ ಹತ್ತು ಹದಿನೈದು ರಾಕ್ಷಸರನ್ನು ಕೆಣಕಿ, ಅಟ್ಟಿಸಿಕೊಂಡು ಬಂದು, ಇವರ ಮೇಲೆ ಬಿಟ್ಟು ಮಾಯವಾಗುತ್ತಾನಂತೆ. ಹೊಸದಾಗಿ ಸೇರಿದ ಚಿಕ್ಕಪ್ಪನ ಮಗಳು ಬೇಸತ್ತು ಮೂರೇ ದಿನಕ್ಕೆ ಆಟ ಬಿಟ್ಟಳು. 'ನಾವೂ ಅವನಿಗೆ ಹಾಗೇ ಮಾಡಬಹುದಾ?' ಎಂಬುದು ಅವರ ಪ್ರಶ್ನೆ.

ಹಾಗೆ ಮಾಡಬೇಡಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ಬೇಡ.

ಹೀಗೆ ರಾಕ್ಷಸರ ಸಾಲನ್ನೇ ಎಳೆದು ತಂದು ಬೇರೆಯವರ ಮೇಲೆ ಬಿಡುವುದಕ್ಕೆ ಆಟಗಾರರು 'ಟ್ರೇನ್' ಅನ್ನುತ್ತಾರೆ. 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಆಟದ ಕಾಲದಿಂದಲೂ ಇರುವ ಪೀಡೆ ಇದು. ಮೈಸೂರಿನಲ್ಲಿ ಅಕ್ಕನ ಮಗನ ಪಕ್ಕ ಕೂತು ನಾನೂ ಕಣ್ಣಾರೆ ನೋಡಿದ್ದೇನೆ. ಅವನು ಆಟದಲ್ಲಿ ಸತ್ತು, ಎದ್ದು, ಚಾಟ್‌ನಲ್ಲಿ ಬೈಯಲು ಶುರು ಮಾಡಿದ. ಟ್ರೇನ್ ಬಿಟ್ಟ ಆಸಾಮಿ ಹೋಗಿರಲೇ ಇಲ್ಲ. ಎದುರಿಗಿದ್ದ ಬಂಡೆ ಮೇಲೆ ನಿಂತು ಕುಣಿಯುತ್ತಿದ್ದ. ಬೈಗುಳ ಜಾಸ್ತಿ ಆದಷ್ಟೂ ಕುಣಿತವೂ ಜಾಸ್ತಿ. ಮೂರನೇ ಸಲ ನಮ್ಮ ಹುಡುಗ ಒಂದಕ್ಷರ ಬರೆಯಲಿಲ್ಲ. ಬ್ಲಾಕ್ ಮಾಡಿ, ಗುಡ್ಡದ ಆಚೆ ಹೋಗಿ ಆಟ ಮುಂದುವರಿಸಿದ. ಬಂಡೆ ಮೇಲಿದ್ದವನು ಸ್ವಲ್ಪ ಹೊತ್ತು ಸುತ್ತಾಡಿ ಹೊರಟುಹೋದ. ಅವನಿಗೆ ಬೇಕಾಗಿದ್ದುದು ಲೂಟಿಯಲ್ಲ, ಆ ಬೈಗುಳ. ಆಟಗಳ ವಿನ್ಯಾಸಕ ರಿಚರ್ಡ್ ಬಾರ್ಟಲ್ 1996ರಲ್ಲೇ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು. ಅದರಲ್ಲಿ ಒಂದು ಬಗೆಯವರಿಗೆ ಇನ್ನೊಬ್ಬರ ಮೇಲೆ ಎರಗುವುದೇ ಆಟ.

ಇಂಥವರಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ. ನಿಯಮ ಬದಲಾಗಬೇಕು. 1997ರಲ್ಲಿ ಬಂದ ಆಟ ಅಲ್ಟಿಮಾ ಆನ್‌ಲೈನ್‌ನಲ್ಲಿ ಊರು ದಾಟಿದರೆ ಸಾಕು, ಕೊಲ್ಲುವವರ ಕಾಟ. 2000ದಲ್ಲಿ ಕಂಪನಿ ಆಟದ ಲೋಕವನ್ನೇ ಎರಡು ಮಾಡಿತು. ಒಂದರಲ್ಲಿ ಒಪ್ಪಿಗೆ ಇಲ್ಲದೆ ಯಾರ ಮೇಲೂ ಕೈ ಮಾಡುವ ಹಾಗಿಲ್ಲ. ಇನ್ನೊಂದು ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ರಾಕ್ಷಸರನ್ನು ತುಂಬಾ ದೂರ ಎಳೆದರೆ ಸಾಮಾನ್ಯವಾಗಿ ಅವು ವಾಪಸ್ ತಮ್ಮ ಜಾಗಕ್ಕೆ ಓಡುತ್ತವೆ. ಟ್ರೇನ್ ಅಲ್ಲಿಗೇ ನಿಂತಿತು, ಅಲ್ವಾ?

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲೆಯ ಮೇಲಿನವನು ನೀರು ಕಟ್ಟಿಕೊಂಡರೆ ಕೊನೆ ಭಾಗದ ಗದ್ದೆ ಒಣಗುತ್ತದೆ. ಆಗ ಎಲ್ಲರೂ ಗುದ್ದಲಿ ಹಿಡಿದು ಹೊರಟರೆ ಜಗಳ ಆಗುತ್ತದೆ, ನೀರು ಬರಲ್ಲ. ನೀರುಗಂಟಿಯನ್ನು ಕರೀತೀರಿ. ಆಟದಲ್ಲಿ ನಿಯಮ ಕಾಯುವ ಮಾಡರೇಟರ್‌ಗಳೇ ನೀರುಗಂಟಿಗಳು. ಅವರ ಕೈಗೆ ಸಾಕ್ಷಿ ಕೊಡಿ. ಸ್ಕ್ರೀನ್ ರೆಕಾರ್ಡಿಂಗ್ ಆನ್ ಇರಲಿ. ಅವನ ಆಟದ ಹೆಸರು, ಸರ್ವರ್, ದಿನ, ಗಂಟೆ ಬರೆದು ಕಳಿಸಿ. ಮತ್ತೆ ಮಾಡಿದರೆ ಮತ್ತೆ ಕಳಿಸಿ. ನೀವೂ ತಿರುಗಿ ಟ್ರೇನ್ ಬಿಟ್ಟಿರೋ, ಅವನು ರೆಕಾರ್ಡ್ ಮಾಡಿ ಕಳಿಸಿದರೆ ನಿಮ್ಮ ಅಕೌಂಟೇ ಹೋಗಬಹುದು.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಆ ಹುಡುಗಿ. ಒಂಬತ್ತೂ ಜನ ಅವನ ಹಿಂದೆ ಬಿದ್ದಾಗ ಅವಳ ಜೊತೆ ಯಾರಿದ್ದರು? ಇವತ್ತೇ ಫೋನ್ ಮಾಡಿ ಕರೀರಿ. ಮೊದಲ ವಾರ ನಿಮ್ಮ ಹೀಲರ್ (ಗಾಯ ವಾಸಿ ಮಾಡುವ ಆಟಗಾರ) ಅವಳ ಪಕ್ಕದಲ್ಲೇ ಇರಲಿ. ಟ್ರೇನ್ ಬಂದಾಗ ಯಾವ ಕಡೆ ಓಡಬೇಕು ಅಂತ ಅವಳಿಗೆ ಮೊದಲೇ ತೋರಿಸಿಕೊಡಿ. ಅವಳು ವಾಪಸ್ ಬಂದಳಾ ಅಂತ ಒಂದು ಸಾಲು ಬರೀರಿ. ಕಾಯುತ್ತಿರುತ್ತೇನೆ.

– ಸಂಪಾದಕ