ಬಿಪಿ ಮಾತ್ರೆ ನುಂಗುವವರು ಸೌನಾದಲ್ಲಿ ಕೂರಬಹುದಾ?

ಪ್ರಶ್ನೆ: ಡಾಕ್ಟರೇ, ನನಗೆ 58 ವರ್ಷ. ಮೀನು ವ್ಯಾಪಾರ. ಬಿಪಿ ಮಾತ್ರೆ ನಡೆದಿದೆ. ಮಗ ಸೇರಿಸಿದ ಜಿಮ್ಮಿನಲ್ಲಿ ಡ್ರೈ ಸೌನಾ, ಅಂದರೆ ಒಣ ಬಿಸಿಗಾಳಿಯಲ್ಲಿ ಕೂತು ಬೆವರುವ ಕೋಣೆ ಇದೆ. ಕೂತು ಬಂದರೆ ಸೊಂಟ ಹಗುರಾಗುತ್ತದೆ. 'ನಮ್ಗೆ ಸೆಕೆ ಹೊಸದಾ?' ಎಂದು ಗೆಳೆಯರು ಅರ್ಧ ಗಂಟೆ ಕೂರಿಸುತ್ತಾರೆ. ಮೊನ್ನೆ ಏಳುವಾಗ ಕಣ್ಣು ಕತ್ತಲೆ ಬಂತು. ಬಿಟ್ಟುಬಿಡಲಾ?
– ಓದುಗರು, ಕಾರವಾರ

ಉತ್ತರ: ಪೂರ್ತಿ ಬಿಡಬೇಕಾಗಲಿಕ್ಕಿಲ್ಲ. ಆ ಅರ್ಧ ಗಂಟೆ ಮಾತ್ರ ಬೇಡವೇ ಬೇಡ. ಮತ್ತೆ ಹೋಗುವ ಮೊದಲು ನಿಮ್ಮ ಡಾಕ್ಟರಿಗೆ ಇದನ್ನು ಹೇಳಿ. ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿಸಿ.

ಕಾರವಾರದ ಮೇ ತಿಂಗಳ ಸೆಕೆಯೇ ಬೇರೆ. ಅಲ್ಲಿ ಬೆವರು ಆರುವುದಿಲ್ಲ, ಅಂಗಿ ಬೆನ್ನಿಗೆ ಅಂಟುತ್ತದೆ. ಸೌನಾದೊಳಗೆ 80ರಿಂದ 100 ಡಿಗ್ರಿ, ಗಾಳಿ ಒಣ. ಬೆವರು ಬೇಗ ಆರುತ್ತದೆ. ಅರ್ಧ ಲೀಟರು ನೀರು ಹೋದರೂ ಅಷ್ಟು ಹೋಯಿತು ಅನ್ನಿಸುವುದಿಲ್ಲ. ಜೊತೆಗೆ ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿ ಬಿಪಿ ಇಳಿಯುತ್ತದೆ. ನಿಮ್ಮ ಮಾತ್ರೆಯ ಕೆಲಸವೂ ಅದೇ ಅಲ್ವಾ? ಎರಡೂ ಸೇರಿದ ಹೊತ್ತಿನಲ್ಲಿ ತಟ್ಟನೆ ಎದ್ದರೆ ಮಿದುಳಿಗೆ ರಕ್ತ ಸಾಲುವುದಿಲ್ಲ.

ಡಾಕ್ಟರು ಒಪ್ಪಿದರೆ ಕೆಳಗಿನ ಹಲಗೆಯ ಮೇಲೆ ಕೂರಿ, ಅಲ್ಲಿ ಬಿಸಿ ಕಡಿಮೆ. ಎಂಟು–ಹತ್ತು ನಿಮಿಷ ಸಾಕು. ಏಳುವ ಮೊದಲು ಕಾಲು ಇಳಿಬಿಟ್ಟು ಪಾದ ಆಡಿಸಿ, ಒಂದೆರಡು ನಿಮಿಷ ಹಾಗೇ ಕೂತಿರಿ. ಆಮೇಲೆ ಗೋಡೆ ಹಿಡಿದು ಏಳಿ. ಹೊರಗೆ ಬಂದವರು ಮೈ ತಣಿಯುವವರೆಗೆ ಕುಳಿತು ನೀರನ್ನೋ ತಿಳಿ ಮಜ್ಜಿಗೆಯನ್ನೋ ಕುಡಿಯಿರಿ. ಮುರುಗಲು ಪಾನಕವೂ ಆದೀತು, ಉಪ್ಪು ಮಾತ್ರ ಜಾಸ್ತಿ ಬೇಡ. ಒಬ್ಬರೇ ಹೋಗಬೇಡಿ.

ಪ್ರಯೋಜನ ಸುಳ್ಳಲ್ಲ. ಬಿಸಿಗೆ ಬಿಗಿದ ಸ್ನಾಯು ಸಡಿಲುತ್ತದೆ, ನಿಮ್ಮ ಸೊಂಟಕ್ಕೆ ಹಿತವಾಗಿರುವುದು ಅದಕ್ಕೇ. ಫಿನ್ಲೆಂಡಿನಲ್ಲಿ 2,315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆ ಸೌನಾಕ್ಕೆ ಹೋಗುವವರಿಗಿಂತ ನಾಲ್ಕಾರು ಸಲ ಹೋಗುವವರಲ್ಲಿ ಹೃದಯ ನಿಂತು ಹಠಾತ್ ಸಾಯುವವರು ಕಡಿಮೆ ಇದ್ದರು. ಅದು ಸೌನಾ ಒಂದರಿಂದಲೇ ಆಯಿತು ಎಂದು ಇದರಿಂದ ಹೇಳಲಾಗದು. ಅಲ್ಲಿಯವರಿಗೆ ಚಿಕ್ಕಂದಿನಿಂದ ರೂಢಿ ಬೇರೆ. ಹಾಗಾಗಿ ಮಾತ್ರೆ ನಿಲ್ಲಿಸುವ ಯೋಚನೆ ಬೇಡ.

ಕುಡಿದು ಮಾತ್ರ ಒಳಗೆ ಹೋಗಲೇಬಾರದು. ಎದೆನೋವು ಇರುವವರು, ಈಚೆಗೆ ಹಾರ್ಟ್ ಅಟ್ಯಾಕ್ ಆದವರು, ಜ್ವರ ಇರುವವರು, ಬಸುರಿಯರು ದೂರವೇ ಇರಲಿ. ನಿಮ್ಮ ಗೆಳೆಯರಿಗೂ ಇದನ್ನು ಓದಿಸಿ.

ಪ್ರಶ್ನೆ: ಸೌನಾದಲ್ಲಿ ಕೂತರೆ ಬೊಜ್ಜು ಕರಗುತ್ತದಾ?
– ಓದುಗರು, ಶಿರಸಿ

ಉತ್ತರ: ಇಲ್ಲ ತಂಗಿ. ಹೋಗುವುದು ಬೆವರಿನ ನೀರು. ಎರಡು ಲೋಟ ಮಜ್ಜಿಗೆ ಕುಡಿದರೆ ತೂಕ ವಾಪಸ್ ಬರುತ್ತದೆ, ಬರಲೇಬೇಕು. ತೂಕ ಇಳಿಯಲಿ ಎಂದು ಬಾಯಾರಿಕೆ ತಡೆದುಕೊಂಡು ಕೂರಬೇಡಿ.