ಡೇವಿಸ್ ಕಪ್‌ನಲ್ಲಿ (ದೇಶಗಳ ನಡುವಿನ ಪುರುಷರ ಟೆನಿಸ್ ಟೂರ್ನಿ) ಮೊದಲ ದಿನ 2-0 ಮುಂದಿದ್ದರೆ ಗೆದ್ದಂತೆಯೇ? ಧಾರವಾಡದಲ್ಲಿ ನೋಡಿದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಟೂರ್ನಿಗೂ ಇದಕ್ಕೂ ಏನು ವ್ಯತ್ಯಾಸ?

ಇಲ್ಲ, ಇನ್ನೊಂದು ಗೆಲುವು ಬೇಕು. ಎರಡು ದೇಶಗಳ ಇಂಥ ಎರಡು ದಿನಗಳ ಹಣಾಹಣಿಯಲ್ಲಿ (ಇದನ್ನೇ ಟೈ ಎನ್ನುತ್ತಾರೆ) ಒಟ್ಟು ಐದು ಪಂದ್ಯ. ಮೂರು ಗೆದ್ದವರದ್ದೇ ಟೈ. ಮೊದಲ ದಿನ ಎರಡು ಸಿಂಗಲ್ಸ್: ಪ್ರತಿ ತಂಡದ ಒಂದನೇ ಆಟಗಾರ ಎದುರಾಳಿಯ ಎರಡನೆಯವನ ವಿರುದ್ಧ ಆಡುತ್ತಾನೆ. ಮರುದಿನ ಮೊದಲು ಡಬಲ್ಸ್, ಆಮೇಲೆ ಒಂದನೆಯವರಿಬ್ಬರು, ಕೊನೆಗೆ ಎರಡನೆಯವರು.

ತಿರುವು ಸಿಗುವುದು ಡಬಲ್ಸ್‌ನಲ್ಲೇ. ಮೊದಲ ದಿನ ಮೂರು ತಾಸು ಓಡಿದವನನ್ನೇ ಕ್ಯಾಪ್ಟನ್ ಡಬಲ್ಸ್‌ಗೂ ಇಳಿಸಿದರೆ, ಮುಂದಿನ ಸಿಂಗಲ್ಸ್‌ಗೆ ಅವನ ಕಾಲಲ್ಲಿ ಕಸುವು ಉಳಿಯುವುದಿಲ್ಲ. ಈಗ ಪಂದ್ಯಕ್ಕೆ ಹೆಚ್ಚೆಂದರೆ ಮೂರು ಸೆಟ್ ಮಾತ್ರ (ಹಿಂದೆ ಐದು ಸೆಟ್ ಇತ್ತು, ಟೈ ಮೂರು ದಿನ ನಡೆಯುತ್ತಿತ್ತು), ಹಾಗಾಗಿ ಕೆಳ ರ‍್ಯಾಂಕಿನವನೂ ಒಂದು ಒಳ್ಳೆಯ ಸಂಜೆಯಲ್ಲಿ ಗೆದ್ದುಬಿಡಬಲ್ಲ.

ಆತಿಥೇಯರೇ ಅಂಕಣ ಆರಿಸುತ್ತಾರೆ. ಭಾರತ ಬಹಳ ವರ್ಷ ಹುಲ್ಲಿನಂಕಣ ನೆಚ್ಚಿಕೊಂಡಿದ್ದು ಅದಕ್ಕೇ: ಚೆಂಡು ತಗ್ಗಿ ಜಾರುತ್ತದೆ, ಮಣ್ಣಿನಂಕಣದವರು ತಡವರಿಸುತ್ತಾರೆ. ಮೂರು ಬಾರಿ ಫೈನಲ್ ಮುಟ್ಟಿದ್ದೇವೆ: 1966, 1974, 1987. ವರ್ಣಭೇದ ನೀತಿ ವಿರೋಧಿಸಿ 1974ರಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಆಡಲೇ ಇಲ್ಲ. ಕಪ್ ಅವರ ಪಾಲಾಯಿತು.

ಧಾರವಾಡದಂಥ ಐಟಿಎಫ್ ಟೂರ್ನಿಯಲ್ಲಿ ಆಟಗಾರ ತನಗಾಗಿ ರ‍್ಯಾಂಕಿಂಗ್ ಅಂಕ ಗಳಿಸುತ್ತಾನೆ. ಡೇವಿಸ್ ಕಪ್‌ನಲ್ಲಿ ಈಗ ಅಂಥ ಅಂಕವೇ ಇಲ್ಲ. ದೊಡ್ಡ ಹೆಸರುಗಳು ಆಗಾಗ ತಪ್ಪಿಸಿಕೊಳ್ಳಲು ಅದೂ ಒಂದು ಕಾರಣ.